ಪ್ರತಿಜೀವಕ ಔಷಧಿಗಳು ಮತ್ತು ಹೃದಯದ ಲಯದೋಷ

ಬ್ಯಾಕ್ಟೀರಿಯಾದ ಸೋಂಕುಗಳಿಗೆ ನೀಡುವ, ಆಡುಮಾತಿನಲ್ಲಿ ಆ್ಯಂಟಿಬಯೋಟಿಕ್ ಎಂದು ಕರೆಯುವ ಪ್ರತಿಜೀವಕ ಔಷಧಿಗಳಲ್ಲಿ ಕೆಲವು ಹೃದಯ ಬಡಿತದ ಲಯವನ್ನು ಕೆಡಿಸಬಲ್ಲವು. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಅಜಿಥ್ರೋಮೈಸಿನ್‌ಗಳನ್ನೊಳಗೊಂಡ ಮ್ಯಾಕ್ರೋಲೈಡ್ ಗುಂಪು ಹಾಗೂ ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಮೊದಲಾದವುಗಳ ಫ್ಲೂರೋಕ್ವಿನೊಲೋನ್ ಗುಂಪು ಈ ದೃಷ್ಟಿಯಿಂದ ಮುಖ್ಯವಾದವು. ಆರೋಗ್ಯವಂತರಲ್ಲಿ ಈ ಅಪಾಯ ಅತಿ ವಿರಳ. ಈಗಾಗಲೇ ಹೃದ್ರೋಗವಿರುವವರಲ್ಲಿ, ರಕ್ತದಲ್ಲಿ ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂ ಕಡಿಮೆಯಾದವರಲ್ಲಿ ಮತ್ತು ಲಯದ ಮೇಲೆ ಪರಿಣಾಮ ಬೀರುವ ಬೇರೆ ಔಷಧಿಗಳನ್ನು ಸೇವಿಸುತ್ತಿರುವವರಲ್ಲಿ ಅದು ಗಮನಿಸಲೇಬೇಕಾದ ಮಟ್ಟಕ್ಕೆ ಏರುತ್ತದೆ. ಪೆನಿಸಿಲಿನ್ ವರ್ಗದ ಅಮಾಕ್ಸಿಸಿಲಿನ್ ಲಯವನ್ನು ಈ ರೀತಿ ಕೆಡಿಸುವುದಿಲ್ಲ.

ಹೃದಯದಲ್ಲಿ ಆಗುವ ಬದಲಾವಣೆ

ಹೃದಯದ ಪ್ರತಿಯೊಂದು ಬಡಿತವೂ ವಿದ್ಯುತ್ ಪ್ರಚೋದನೆಯಿಂದ ಆರಂಭವಾಗುತ್ತದೆ. ಒಮ್ಮೆ ಸಂಕುಚಿಸಿದ ಸ್ನಾಯುಕೋಶಗಳು ಮುಂದಿನ ಬಡಿತಕ್ಕೆ ಸಿದ್ಧವಾಗಬೇಕಾದರೆ ಅವುಗಳೊಳಗಿನ ಪೊಟ್ಯಾಸಿಯಂ ಅಯಾನುಗಳು ಸೂಕ್ಷ್ಮ ನಾಳಗಳ ಮೂಲಕ ಹೊರಹರಿಯಬೇಕು. ಮೇಲೆ ಹೇಳಿದ ಔಷಧಿಗಳು ಈ ನಾಳಗಳನ್ನು ಭಾಗಶಃ ಮುಚ್ಚುತ್ತವೆ. ಆಗ ಕೋಶಗಳು ಚೇತರಿಸಿಕೊಳ್ಳುವುದು ತಡವಾಗುತ್ತದೆ. ಇಸಿಜಿಯಲ್ಲಿ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಅಂತ್ಯದವರೆಗಿನ ಅವಧಿ, ಅಂದರೆ ಕ್ಯೂಟಿ ಅಂತರ, ಹಿಗ್ಗಿ ಕಾಣುವುದು ಇದರಿಂದಲೇ. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ ಈ ಅಂತರವು ಸಾಮಾನ್ಯವಾಗಿ ಪುರುಷರಲ್ಲಿ 450, ಸ್ತ್ರೀಯರಲ್ಲಿ 460 ಮಿಲಿಸೆಕೆಂಡ್‌ಗಳ ಒಳಗಿರುತ್ತದೆ. 500 ದಾಟಿದರೆ ಅಪಾಯಕಾರಿ ಎಂದು ವೈದ್ಯರು ಪರಿಗಣಿಸುತ್ತಾರೆ.

ಅಂತರ ಹಿಗ್ಗುವುದರಿಂದಲೇ ನೋವಾಗಲಿ ಸುಸ್ತಾಗಲಿ ಆಗುವುದಿಲ್ಲ. ಆದಕಾರಣ ರೋಗಿಗೆ ಅದು ತಾನಾಗಿ ತಿಳಿಯುವ ಸಂಭವವಿಲ್ಲ. ತೊಂದರೆ ಆರಂಭವಾಗುವುದು ಚೇತರಿಕೆ ಪೂರ್ಣವಾಗುವ ಮೊದಲೇ ಅಕಾಲದ ಪ್ರಚೋದನೆಯೊಂದು ಹುಟ್ಟಿದಾಗ. ಆಗ ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಅತಿ ವೇಗವಾಗಿ, ಕ್ರಮವಿಲ್ಲದೆ ಬಡಿಯತೊಡಗುತ್ತವೆ. ಇಸಿಜಿಯ ಮೊನೆಗಳು ನಡುಗೆರೆಯ ಸುತ್ತ ಹುರಿಗೊಂಡಂತೆ ಕಾಣುವ ಈ ಸ್ಥಿತಿಯನ್ನು ಫ್ರಾನ್ಸಿನ ವೈದ್ಯ ಫ್ರಾಂಸ್ವಾ ದೆಸೆರ್ತೆನ್ 1966ರಲ್ಲಿ ವಿವರಿಸಿ 'ತೊರ್ಸಾದ್ ದ ಪ್ವಾಂತ್' ಎಂದು ಹೆಸರಿಸಿದರು. ಮೊನೆಗಳ ತಿರುಚುವಿಕೆ ಎಂಬುದೇ ಆ ಫ್ರೆಂಚ್ ಪದಗಳ ಅರ್ಥ. ಎಷ್ಟೋ ವೇಳೆ ಅದು ಕೆಲವು ಸೆಕೆಂಡುಗಳಲ್ಲಿ ತಾನೇ ನಿಲ್ಲುತ್ತದೆ. ರೋಗಿಗೆ ತಲೆಸುತ್ತು ಅಥವಾ ಮೂರ್ಛೆ ಬಂದಿರಬಹುದು. ನಿಲ್ಲದೆ ಹೃತ್ಕುಕ್ಷಿಗಳ ಕಂಪನಕ್ಕೆ ತಿರುಗಿದರೆ ರಕ್ತಸಂಚಾರ ಸ್ಥಗಿತಗೊಂಡು ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ.

ಮ್ಯಾಕ್ರೋಲೈಡ್‌ಗಳು

ಎರಿಥ್ರೋಮೈಸಿನ್ 1952ರಲ್ಲಿ ಬಳಕೆಗೆ ಬಂದಿತು. ಪೆನಿಸಿಲಿನ್ ಒಗ್ಗದವರಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಅದು ಎರಡು ಬಗೆಯಲ್ಲಿ ತೊಂದರೆ ಕೊಡುತ್ತದೆ: ಪೊಟ್ಯಾಸಿಯಂ ನಾಳಗಳನ್ನು ತಾನೇ ತಡೆಯುವುದು ಒಂದು, ಯಕೃತ್ತಿನ ಕಿಣ್ವವೊಂದನ್ನು ಅಡಗಿಸಿ ಇತರ ಔಷಧಿಗಳು ದೇಹದಲ್ಲಿ ಶೇಖರವಾಗುವಂತೆ ಮಾಡುವುದು ಇನ್ನೊಂದು. ಅಲರ್ಜಿಗೆ ಕೊಡುತ್ತಿದ್ದ ಟೆರ್ಫೆನಡಿನ್ ಮಾತ್ರೆಯನ್ನು ಇದರೊಂದಿಗೆ ಸೇವಿಸಿದವರಲ್ಲಿ ಗಂಭೀರ ಲಯದೋಷಗಳು ಕಂಡುಬಂದವು. ಇಂಥ ಕಾರಣಗಳಿಂದ 1990ರ ದಶಕದ ಕೊನೆಯಲ್ಲಿ ಟೆರ್ಫೆನಡಿನ್ ಅಮೆರಿಕದ ಮಾರುಕಟ್ಟೆಯಿಂದಲೇ ಹೊರಹೋಯಿತು.

ಅಜಿಥ್ರೋಮೈಸಿನ್ ಅನ್ನು 1980ರಲ್ಲಿ ಅಂದಿನ ಯುಗೊಸ್ಲಾವಿಯದ ಜಾಗ್ರೆಬ್ ನಗರದ ಪ್ಲಿವಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದರು. ಯಕೃತ್ತಿನ ಕಿಣ್ವದ ಮೇಲೆ ಇದರ ಪ್ರಭಾವ ಅತ್ಯಲ್ಪವಾದ್ದರಿಂದ ಹೃದಯಕ್ಕೂ ನಿರಪಾಯವೆಂಬ ಭಾವನೆ ಬಹುಕಾಲ ಉಳಿದಿತ್ತು. 2012ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೇಯ್ನ್ ರೇ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಆ ಭಾವನೆಯನ್ನು ಅಲುಗಿಸಿತು. ಟೆನೆಸ್ಸಿ ರಾಜ್ಯದಲ್ಲಿ ಮೆಡಿಕೆಯ್ಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆಗೆ ಸೇರಿದ್ದವರ ದಾಖಲೆಗಳನ್ನು ಅವರು ಪರಿಶೀಲಿಸಿದ್ದರು. ಐದು ದಿನಗಳ ಚಿಕಿತ್ಸೆಯ ಅವಧಿಯಲ್ಲಿ, ಅಮಾಕ್ಸಿಸಿಲಿನ್ ಪಡೆದವರಿಗೆ ಹೋಲಿಸಿದರೆ, ಅಜಿಥ್ರೋಮೈಸಿನ್‌ನ ಪ್ರತಿ 10 ಲಕ್ಷ ಚಿಕಿತ್ಸೆಗಳಿಗೆ 47 ಹೃದಯಸಂಬಂಧಿ ಸಾವುಗಳು ಹೆಚ್ಚಾಗಿದ್ದವೆಂದು ಅಂದಾಜಾಯಿತು. ಅಂದರೆ ಸುಮಾರು 21,000ಕ್ಕೆ ಒಂದು. ಹೃದ್ರೋಗದ ಅಪಾಯ ಅತಿ ಹೆಚ್ಚಿದ್ದ ಹತ್ತನೆಯ ಒಂದು ಪಾಲು ರೋಗಿಗಳಲ್ಲಿ ಮಾತ್ರ ಅದೇ ಸಂಖ್ಯೆ 245ಕ್ಕೆ, ಎಂದರೆ ಸುಮಾರು 4,100ಕ್ಕೆ ಒಂದಕ್ಕೆ ಏರಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರ ಮಾರ್ಚ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.

ಅದೇ ವರ್ಷ ಡೆನ್ಮಾರ್ಕಿನಲ್ಲಿ 18ರಿಂದ 64 ವಯಸ್ಸಿನವರ ಮೇಲೆ ನಡೆದ ಅಧ್ಯಯನದಲ್ಲಿ, ಪೆನಿಸಿಲಿನ್ ಪಡೆದವರಿಗಿಂತ ಅಜಿಥ್ರೋಮೈಸಿನ್ ಪಡೆದವರಲ್ಲಿ ಹೃದಯಸಂಬಂಧಿ ಸಾವು ಹೆಚ್ಚಾಗಿ ಕಂಡುಬರಲಿಲ್ಲ. ಇವೆರಡನ್ನೂ ಪರಸ್ಪರ ವಿರುದ್ಧವೆಂದು ಓದುವುದು ಸರಿಯಲ್ಲ. ಡೆನ್ಮಾರ್ಕಿನವರು ಸಾಮಾನ್ಯ ಜನಸಮುದಾಯದ ತರುಣ ಹಾಗೂ ನಡುವಯಸ್ಸಿನವರು. ಟೆನೆಸ್ಸಿಯವರಲ್ಲಿ ಬಡತನವೂ ಹಳೆಯ ಕಾಯಿಲೆಗಳೂ ಹೆಚ್ಚಾಗಿದ್ದವು. ಔಷಧಿ ಒಂದೇ ಆದರೂ ಅಪಾಯ ಎಷ್ಟೆಂಬುದು ಅದನ್ನು ನುಂಗುವವರ ಹೃದಯದ ಸ್ಥಿತಿಯನ್ನು ಅವಲಂಬಿಸಿದೆ.

ಕ್ಲಾರಿಥ್ರೋಮೈಸಿನ್‌ನ ಕಥೆ ವಿಚಿತ್ರವಾದುದು. ಹೃದಯದ ರಕ್ತನಾಳಗಳ ಕಾಯಿಲೆಗೆ ಸೋಂಕೂ ಕಾರಣವಿರಬಹುದೆಂಬ ಊಹೆಯಿಂದ ಡೆನ್ಮಾರ್ಕಿನಲ್ಲಿ ಸುಮಾರು 4,400 ಹೃದ್ರೋಗಿಗಳ ಮೇಲೆ ಕ್ಲಾರಿಕಾರ್ ಎಂಬ ಪ್ರಯೋಗ ನಡೆಯಿತು. ಹೃದಯಕ್ಕೆ ಒಳಿತಾಗಲೆಂದು ಎರಡು ವಾರ ಕೊಟ್ಟ ಔಷಧಿಯ ಗುಂಪಿನಲ್ಲಿಯೇ ಮುಂದಿನ ವರ್ಷಗಳಲ್ಲಿ ಸಾವುಗಳು ಹೆಚ್ಚಾದವು. ಹೃದ್ರೋಗವಿರುವವರಿಗೆ ಇದನ್ನು ಬರೆಯುವ ಮುನ್ನ ಬೇರೆ ಪ್ರತಿಜೀವಕಗಳನ್ನು ಯೋಚಿಸಬೇಕೆಂದು ಅಮೆರಿಕದ ಆಡಳಿತ 2018ರಲ್ಲಿ ಸೂಚಿಸಿತು.

ಇತರ ಪ್ರತಿಜೀವಕಗಳು

ಫ್ಲೂರೋಕ್ವಿನೊಲೋನ್‌ಗಳ ಪೈಕಿ ಗ್ರೆಪಾಫ್ಲಾಕ್ಸಾಸಿನ್ ಲಯದೋಷದ ಕಾರಣಕ್ಕೆ 1999ರಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಮಾಕ್ಸಿಫ್ಲಾಕ್ಸಾಸಿನ್ ಕ್ಯೂಟಿ ಅಂತರವನ್ನು ಎಷ್ಟು ನಿಶ್ಚಿತವಾಗಿ ಹಿಗ್ಗಿಸುತ್ತದೆಂದರೆ, ಹೊಸ ಔಷಧಿಗಳ ಕ್ಯೂಟಿ ಪರೀಕ್ಷೆಗಳಲ್ಲಿ ಅದನ್ನೇ ಅಳತೆಗೋಲಾಗಿ ಬಳಸುತ್ತಾರೆ. ಸಿಪ್ರೊಫ್ಲಾಕ್ಸಾಸಿನ್‌ನಲ್ಲಿ ಈ ಗುಣ ಕಡಿಮೆ. ಮಹಾಪಧಮನಿ ಉಬ್ಬುವ ಅಥವಾ ಸೀಳುವ ಅಪಾಯದ ಬಗ್ಗೆಯೂ ಈ ಗುಂಪಿಗೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಸೇರಿತು. ಕೋಟ್ರೈಮೋಕ್ಸಜೋಲ್ ಬೇರೆ ದಾರಿಯಲ್ಲಿ ಕೆಡುಕು ಮಾಡಬಲ್ಲದು: ಎನಾಲಪ್ರಿಲ್‌ನಂತಹ ರಕ್ತದೊತ್ತಡದ ಮಾತ್ರೆಗಳೊಂದಿಗೆ ಸೇರಿದಾಗ, ವಿಶೇಷವಾಗಿ ವೃದ್ಧರಲ್ಲಿ, ರಕ್ತದ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಬಹುದು.

ಭಾರತದಲ್ಲಿ

2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2019ರಲ್ಲಿ ಭಾರತದ ಖಾಸಗಿ ವಲಯದಲ್ಲಿ ಅತಿ ಹೆಚ್ಚು ಬಳಕೆಯಾದ ಪ್ರತಿಜೀವಕ ಅಜಿಥ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವಿದ್ದರೂ ನೆಗಡಿ, ಗಂಟಲುನೋವಿಗೆಂದು ಜನರು ಔಷಧ ಅಂಗಡಿಯಿಂದ ನೇರವಾಗಿ ಕೊಳ್ಳುವುದುಂಟು. ನೆಗಡಿಗೆ ವೈರಸ್ ಕಾರಣವಾದ್ದರಿಂದ ಅಲ್ಲಿ ಪ್ರಯೋಜನ ಸೊನ್ನೆ, ಉಳಿಯುವುದು ಅಪಾಯ ಮಾತ್ರ. ಅಂಗಡಿಯವನು ಮೂತ್ರವರ್ಧಕ ಮಾತ್ರೆಯ ವಿಚಾರವನ್ನಾಗಲಿ ಹಳೆಯ ಮೂರ್ಛೆಯ ವಿಚಾರವನ್ನಾಗಲಿ ಕೇಳುವ ಸಂಭವ ಕಡಿಮೆ. ಕೋವಿಡ್ ಹರಡಿದ 2020ರಲ್ಲಿ, ಕ್ಯೂಟಿ ಅಂತರವನ್ನು ಹಿಗ್ಗಿಸುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಅಜಿಥ್ರೋಮೈಸಿನ್‌ಗಳನ್ನು ಹಲವು ದೇಶಗಳಲ್ಲಿ ಒಟ್ಟಿಗೆ ಕೊಡಲಾಯಿತು. ಆಸ್ಪತ್ರೆ ಸೇರಿದವರ ಸಾವನ್ನು ಇವೆರಡರಲ್ಲಿ ಯಾವುದೂ ತಗ್ಗಿಸುವುದಿಲ್ಲವೆಂದು ಬ್ರಿಟನ್ನಿನ ರಿಕವರಿ ಪ್ರಯೋಗ ಅನಂತರ ತೋರಿಸಿತು.

ಔಷಧ ನಿರೋಧಕ ಕ್ಷಯದ ಪ್ರಶ್ನೆ ಬೇರೆ. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್‌ಗಳು ಕ್ಯೂಟಿ ಅಂತರವನ್ನು ಹಿಗ್ಗಿಸಿದರೂ ರೋಗವೇ ಮಾರಕವಾದುದರಿಂದ, ಕಾಲಕಾಲಕ್ಕೆ ಇಸಿಜಿ ತೆಗೆಯುತ್ತ ಚಿಕಿತ್ಸೆ ಮುಂದುವರಿಸುತ್ತಾರೆ.

ಮುನ್ನೆಚ್ಚರಿಕೆ ಮತ್ತು ಚಿಕಿತ್ಸೆ

ಹುಟ್ಟಿನಿಂದಲೇ ಕ್ಯೂಟಿ ಅಂತರ ಹೆಚ್ಚಿರುವವರು, ಕುಟುಂಬದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವು ಕಂಡವರು, ಹೃದಯ ವೈಫಲ್ಯವಿರುವವರು, ವಾಂತಿಭೇದಿಯಿಂದ ಬಳಲಿದವರು ಮತ್ತು ಲಯದೋಷ, ಮಾನಸಿಕ ಕಾಯಿಲೆ ಇತ್ಯಾದಿಗಳಿಗೆ ಔಷಧಿ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಈ ಬಗೆಯ ಲಯದೋಷ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ವೈದ್ಯರು ಬರೆದ ಔಷಧಿಯನ್ನು ಭಯದಿಂದ ತಾವಾಗಿ ನಿಲ್ಲಿಸುವುದೂ ತಪ್ಪು. ನ್ಯುಮೋನಿಯದಂತಹ ಸೋಂಕು ಅದಕ್ಕಿಂತ ಬೇಗ ಪ್ರಾಣ ತೆಗೆಯಬಲ್ಲದು. ಔಷಧಿ ಸೇವಿಸುವಾಗ ಎದೆ ಡವಗುಟ್ಟಿದರೆ, ಕಣ್ಣು ಕತ್ತಲಿಟ್ಟರೆ ಅಥವಾ ಮೂರ್ಛೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕಾರಣವಾದ ಔಷಧಿಯನ್ನು ನಿಲ್ಲಿಸಿ ಪೊಟ್ಯಾಸಿಯಂ ಕೊರತೆಯನ್ನು ಸರಿಪಡಿಸುತ್ತಾರೆ. ತೊರ್ಸಾದ್ ಕಂಡುಬಂದರೆ, ರಕ್ತದಲ್ಲಿ ಮೆಗ್ನೀಸಿಯಂ ಸಾಕಷ್ಟಿದ್ದರೂ, ಮೆಗ್ನೀಸಿಯಂ ಸಲ್ಫೇಟನ್ನು ರಕ್ತನಾಳದ ಮೂಲಕ ಕೊಡುವುದು ಮೊದಲ ಚಿಕಿತ್ಸೆ. ನಾಡಿ ನಿಂತಿದ್ದರೆ ವಿದ್ಯುತ್ ಆಘಾತ ನೀಡಿ ಲಯವನ್ನು ಮರಳಿ ತರುತ್ತಾರೆ.