ಲೆಕ್ಕದ ಎರಡು ಅಂಕಿಗಳು

ಪತ್ರಿಕೆಯ ಮೇಜಿಗೆ ಬರುವ ಮುನ್ನ ನಾವು ಹಲವು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕುಳಿತವರು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೇ ನಿಂತಿತು. ಮೇಷ್ಟ್ರು ಕರಿಹಲಗೆಯ ಮೇಲೆ ಎಳೆದು ತೋರಿಸಿದ ಸರಳರೇಖೆಯಿಂದ ಬದುಕಿಗೇನು ಪ್ರಯೋಜನವೆಂಬುದು ಅಂದು ತಿಳಿಯಲಿಲ್ಲ. ಅದನ್ನು ತಿಳಿಸಿದವನು ನಮ್ಮಲ್ಲಿ ಮಾಣಿಯಾಗಿದ್ದ ಒಬ್ಬ ಹುಡುಗ.

ತಂಗಿಯ ಮದುವೆಗೆಂದು ಅವನು ಲೇವಾದೇವಿಗಾರನೊಬ್ಬನಿಂದ 20,000 ರೂಪಾಯಿ ಸಾಲ ತಂದಿದ್ದನು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ತಿಂಗಳು ತಿಂಗಳೂ ತಪ್ಪದೆ 600 ರೂಪಾಯಿ ಕೊಡುತ್ತ ಬಂದನು. ಮೂರು ವರ್ಷ ತುಂಬಿದ ದಿನ, "ಧಣೀ, ಒಟ್ಟು 21,600 ಕೊಟ್ಟಾಯಿತು. ಇನ್ನು ಸಾಲ ತೀರಿತಲ್ಲವೇ?" ಎಂದು ಸಂತೋಷದಿಂದ ಕೇಳಿದನು. ಸಾಲ ತೀರಿರಲಿಲ್ಲ. ಅಸಲಿನಲ್ಲಿ ಒಂದು ಕಾಸೂ ಇಳಿದಿರಲಿಲ್ಲ. ಅವನ ಮುಖ ಬಾಡಿದುದನ್ನು ನಾವು ಇಂದಿಗೂ ಮರೆತಿಲ್ಲ.

ಒಂದೇ ಸಮನೆ ಏರುವ ಅಥವಾ ಇಳಿಯುವ ಯಾವ ಲೆಕ್ಕದಲ್ಲಿಯೂ ಎರಡು ಅಂಕಿಗಳಿರುತ್ತವೆ. ಎಲ್ಲಿಂದ ಹೊರಟೆವೆಂಬುದನ್ನು ಹೇಳುವುದು ಆರಂಭದ ಮೌಲ್ಯ. ಹೆಜ್ಜೆಗೆಷ್ಟು ಬದಲಾಗುತ್ತದೆಂಬುದನ್ನು ಹೇಳುವುದು ಬದಲಾವಣೆಯ ದರ. ದರವನ್ನು ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿ ಆರಂಭದ ಮೌಲ್ಯಕ್ಕೆ ಕೂಡಿಸಿದರೆ ಉತ್ತರ ಬರುತ್ತದೆ. ಸರಳರೇಖೆಯ ಸೂತ್ರವೆಂದರೆ ಇಷ್ಟೇ.

ಮುಂಬಯಿಯ ಟ್ಯಾಕ್ಸಿಯನ್ನು ನೋಡಿರಿ. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದರದಂತೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಅಲ್ಲಿಂದ ಮುಂದೆ ಕಿಲೋಮೀಟರಿಗೆ 20 ರೂಪಾಯಿ 66 ಪೈಸೆ. ಐದೂವರೆ ಕಿಲೋಮೀಟರು ಹೋದವನು 31ಕ್ಕೆ ನಾಲ್ಕು ಕಿಲೋಮೀಟರಿನ 82 ರೂಪಾಯಿ 64 ಪೈಸೆಯನ್ನು ಕೂಡಿಸಲಿ. ಸುಮಾರು 114 ರೂಪಾಯಿ. ಇಲ್ಲಿ 31 ಆರಂಭ, 20.66 ದರ.

ಕೆಲವೊಮ್ಮೆ ಈ ಎರಡು ಅಂಕಿಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಗಲೂ ಉಪಾಯವುಂಟು. ಒಂದು ಖಾನಾವಳಿಯಲ್ಲಿ ತಿಂಗಳಿಗೆ 20 ಊಟ ಮಾಡಿದವನು 2,600 ರೂಪಾಯಿ ಕೊಟ್ಟನು, 50 ಊಟ ಮಾಡಿದವನು 4,400 ಕೊಟ್ಟನು ಎಂದಿಟ್ಟುಕೊಳ್ಳಿರಿ. 30 ಊಟಕ್ಕೆ 1,800 ಹೆಚ್ಚಾಯಿತು. ಅಂದರೆ ಊಟವೊಂದಕ್ಕೆ 60. ಇಪ್ಪತ್ತು ಊಟದ 1,200ನ್ನು 2,600ರಿಂದ ಕಳೆದರೆ ಉಳಿಯುವ 1,400, ಒಂದು ತುತ್ತೂ ಉಣ್ಣದವನು ಸಹ ತೆರಬೇಕಾದ ಹಣ.

ಕೆಲಸ ಹಿಡಿಯುವಾಗಲೂ ಇದೇ ವಿವೇಕ ಬೇಕು. ಒಬ್ಬ ಧಣಿ 15,000 ಸಂಬಳ ಕೊಟ್ಟು ವರ್ಷಕ್ಕೆ 500 ಏರಿಸುತ್ತಾನೆ. ಇನ್ನೊಬ್ಬ 13,000 ಕೊಟ್ಟು ವರ್ಷಕ್ಕೆ 1,000 ಏರಿಸುತ್ತಾನೆ. ನಾಲ್ಕು ವರ್ಷ ಕಳೆದಾಗ ಇಬ್ಬರಲ್ಲಿಯೂ ಸಂಬಳ 17,000. ಅನಂತರ ಎರಡನೆಯವನದೇ ಮೇಲು. ಎರಡು ವರ್ಷದಲ್ಲಿ ಊರಿಗೆ ಮರಳುವವನಿಗೆ ಮೊದಲನೆಯದು ಲೇಸು. ನೆಲೆ ನಿಲ್ಲುವವನು ಏರಿಕೆಯನ್ನೂ ವಿಚಾರಿಸಲಿ.

ಆದರೆ ಒಂದು ಎಚ್ಚರಿಕೆ. ಹೆಜ್ಜೆಹೆಜ್ಜೆಗೂ ದರ ಒಂದೇ ಆಗಿದ್ದರೆ ಮಾತ್ರ ಈ ಸೂತ್ರ ಸಲ್ಲುತ್ತದೆ. ಬಡ್ಡಿಗೆ ಬಡ್ಡಿ ಬೆಳೆಯುವ ಸಾಲ ಸರಳರೇಖೆಯಲ್ಲ. ಅದು ವರ್ಷವರ್ಷಕ್ಕೂ ಕಡಿದಾಗುವ ಘಾಟಿಯ ದಾರಿ.

ಇನ್ನು ನಮ್ಮ ಹುಡುಗನ ಮಾತು. ಅವನ ಅಸಲಿನ ಆರಂಭ 20,000, ಬದಲಾವಣೆಯ ದರ ಸೊನ್ನೆ. ಬಡ್ಡಿಯನ್ನಷ್ಟೇ ಕೊಟ್ಟವನ ರೇಖೆ ನೆಲಕ್ಕೆ ಸಮನಾಗಿ ಹಾಗೆಯೇ ಚಾಚಿಕೊಂಡಿರುತ್ತದೆ, ಎಂದಿಗೂ ಕೆಳಗಿಳಿಯದು. ಅವನಿಗೆ ರಾತ್ರಿಯ ಹೊತ್ತು ಇನ್ನಷ್ಟು ಕೆಲಸ ಕೊಟ್ಟು, ಬಡ್ಡಿಯ ಜೊತೆಗೆ ತಿಂಗಳಿಗೆ 1,000 ರೂಪಾಯಿ ಅಸಲಿಗೆ ಕಟ್ಟುವಂತೆ ಮಾಡಿದೆವು. ಪ್ರತಿ ಸಲ ಚೀಟಿಯಲ್ಲಿ "ಅಸಲಿಗೆ" ಎಂದು ಬರೆಯಿಸಿಕೊಳ್ಳಲು ಹೇಳಿದೆವು. ಈಗ ದರ ತಿಂಗಳಿಗೆ ಸಾವಿರದ ಇಳಿತ. ಮೊದಲ ತಿಂಗಳು 600 ಇದ್ದ ಬಡ್ಡಿ ಮರುತಿಂಗಳು 570, ಆಮೇಲೆ 540. ಇಪ್ಪತ್ತನೆಯ ತಿಂಗಳಿಗೆ ಸಾಲ ತೀರಿತು. ಆ ಇಪ್ಪತ್ತು ತಿಂಗಳಲ್ಲಿ ಅವನು ತೆತ್ತ ಬಡ್ಡಿ ಒಟ್ಟು 6,300 ಮಾತ್ರ.

ಆದುದರಿಂದ ಮಿತ್ರರೇ, ಯಾವ ಕಾಗದಕ್ಕೂ ರುಜು ಹಾಕುವ ಮೊದಲು ಎರಡು ಪ್ರಶ್ನೆ ಕೇಳಿರಿ: ಮೊದಲಿಗೆ ಎಷ್ಟು? ತಿಂಗಳಿಗೆ ಎಷ್ಟು? ಸಾಲವಾದರೆ ಮೂರನೆಯದನ್ನೂ ಕೇಳಿರಿ: ನಾನು ಕೊಡುವುದರಲ್ಲಿ ಅಸಲಿಗೆ ಸಲ್ಲುವುದೆಷ್ಟು? ಕೇಳುವುದಕ್ಕೆ ನಾಚಿಕೆ ಬೇಡ. ಬೆವರು ಸುರಿಸಿದವನಿಗೆ ಲೆಕ್ಕ ಕೇಳುವ ಹಕ್ಕು ಇದ್ದೇ ಇದೆ.