ಚಂದ್ರ ಹಿಗ್ಗದಿರಲು: ಚಿತ್ರಪದರಗಳ ರೇಖಾಗಣಿತ

ರಾತ್ರಿ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಮರಗಳು ಸರ್ರನೆ ಹಿಂದೆ ಸರಿಯುತ್ತವೆ, ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ, ಚಂದ್ರ ಮಾತ್ರ ನಮ್ಮೊಡನೆಯೇ ಬರುವಂತೆ ಕಾಣುತ್ತದೆ. ಪ್ಯಾರಲಾಕ್ಸ್ ಎಂದು ಕರೆಯುವ ಈ ವ್ಯತ್ಯಾಸದಿಂದ ನಮಗೆ ದೂರದ ಅರಿವಾಗುತ್ತದೆ. ಬೇರೆ ಬೇರೆ ಚಿತ್ರಗಳನ್ನು ಪದರಗಳಾಗಿ ಕೂಡಿಸಿ ಒಂದೇ ದೃಶ್ಯವನ್ನು ರಚಿಸುವ ಕಾಂಪೋಸಿಟಿಂಗ್ ತಂತ್ರದಲ್ಲಿಯೂ ಆಳದ ಭಾವನೆ ಮೂಡುವುದು ಹೀಗೆಯೇ.

ಒಂದೇ ಹಾಳೆಯ ಮೇಲೆ ಮನೆಯನ್ನೂ ಚಂದ್ರನನ್ನೂ ಬರೆದು ಕ್ಯಾಮೆರಾವನ್ನು ಅದರತ್ತ ಸರಿಸಿದರೆ ಎರಡೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ನಿಸರ್ಗದಲ್ಲಿ ಹೀಗಾಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಡಿಸ್ನಿ ಸಂಸ್ಥೆಯು 1937ರ 'ದಿ ಓಲ್ಡ್ ಮಿಲ್' ಕಿರುಚಿತ್ರದಲ್ಲಿ ಬಹುತಲ ಕ್ಯಾಮೆರಾವನ್ನು ಬಳಸಿತು. ದೃಶ್ಯದ ಭಾಗಗಳನ್ನು ಬೇರೆ ಬೇರೆ ಗಾಜಿನ ಹಲಗೆಗಳ ಮೇಲೆ ಬರೆದು, ಅವುಗಳನ್ನು ಅಂತರ ಬಿಟ್ಟು ಜೋಡಿಸಿ, ಮೇಲಿನಿಂದ ಚಿತ್ರೀಕರಿಸಲಾಗುತ್ತಿತ್ತು.

ಇಂದು ಗಾಜಿನ ಹಲಗೆಯ ಕೆಲಸವನ್ನು ತಂತ್ರಾಂಶ ಮಾಡುತ್ತದೆ. ಆಫ್ಟರ್ ಎಫೆಕ್ಟ್ಸ್ ತಂತ್ರಾಂಶಕ್ಕೆ ಮೂರು ಆಯಾಮದ ಪದರಗಳು ಸೇರಿದ್ದು 2001ರಲ್ಲಿ. ಪ್ರತಿ ಪದರವೂ ಅವಕಾಶದಲ್ಲಿ ನಿಲ್ಲಿಸಿದ ತೆಳುವಾದ ರಟ್ಟಿನಂತೆ. ಅದನ್ನು ಸರಿಸಬಹುದು, ತಿರುಗಿಸಬಹುದು, ಹಿಗ್ಗಿಸಬಹುದು.

ಕ್ಯಾಮೆರಾದಿಂದ 10 ಮಾನ ದೂರದಲ್ಲಿ 2 ಮಾನ ಅಗಲದ ಚಂದ್ರನ ಪದರವಿದೆ ಎನ್ನೋಣ. ಸಮರೂಪ ತ್ರಿಭುಜಗಳ ನಿಯಮದಂತೆ ಬಿಂಬದ ಗಾತ್ರವು ಅಗಲವನ್ನು ದೂರದಿಂದ ಭಾಗಿಸಿದ ಬೆಲೆಗೆ ಅನುಪಾತೀಯ. ಪದರವನ್ನು 10,000 ಮಾನ ದೂರಕ್ಕೆ ತಳ್ಳಿ, ಅಗಲವನ್ನು 2,000 ಮಾನಕ್ಕೆ ಹಿಗ್ಗಿಸಿದರೆ ಪರದೆಯ ಮೇಲೆ ಏನೂ ಬದಲಾಗದು. ಸ್ಥಿರಚಿತ್ರ ನೋಡಿ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಈಗ ಕ್ಯಾಮೆರಾ 5 ಮಾನ ಮುಂದೆ ಸರಿಯಲಿ. ಹತ್ತಿರದ ಚಂದ್ರ ಇಮ್ಮಡಿಯಾಗುತ್ತದೆ. ದೂರದ್ದು ಕೇವಲ ಶೇಕಡ 0.05ರಷ್ಟು ಹಿಗ್ಗುತ್ತದೆ. ಪದರ ಎಲ್ಲಿದೆ ಎಂಬ ಗುಟ್ಟು ಕ್ಯಾಮೆರಾ ಚಲಿಸಿದಾಗಲೇ ರಟ್ಟಾಗುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ: ಈ ಕ್ರಿಯೆಗಳನ್ನು ಯಾವ ಕ್ರಮದಲ್ಲಿ ಮಾಡುತ್ತೇವೆ ಎಂಬುದು ಮುಖ್ಯ. ಮೂಲಬಿಂದುವಿನಲ್ಲಿರುವ ಪದರವನ್ನು ಅಲ್ಲಿಯೇ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿ, ಬಳಿಕ ಎಕ್ಸ್ ಅಕ್ಷದ ಗುಂಟ 3 ಮಾನ ಸರಿಸಿದರೆ ಅದರ ಕೇಂದ್ರ (3, 0)ರಲ್ಲಿರುತ್ತದೆ. ಮೊದಲು ಸರಿಸಿ, ಬಳಿಕ ಮೂಲಬಿಂದುವಿನ ಸುತ್ತ ತಿರುಗಿಸಿದರೆ ಕೇಂದ್ರ (0, 3)ಕ್ಕೆ ಹೋಗುತ್ತದೆ. ಹಾಗೆಯೇ ಎರಡು ಪಟ್ಟು ಹಿಗ್ಗಿಸಿ 3 ಮಾನ ಸರಿಸಿದರೆ ಕೇಂದ್ರ 3ರಲ್ಲಿ. ಸರಿಸಿ ಹಿಗ್ಗಿಸಿದರೆ 6ರಲ್ಲಿ. ಆದ್ದರಿಂದಲೇ ನ್ಯೂಕ್ ತಂತ್ರಾಂಶವು ಮೊದಲು ಹಿಗ್ಗಿಸಿ, ಅನಂತರ ತಿರುಗಿಸಿ, ಕೊನೆಗೆ ಸರಿಸುವ ಕ್ರಮವನ್ನು ರೂಢಿಯಾಗಿ ಇಟ್ಟುಕೊಂಡಿದೆ. ಬೇಕಾದರೆ ಬದಲಿಸಲು ಅವಕಾಶವನ್ನೂ ಕೊಟ್ಟಿದೆ.

ಇದರ ಹಿಂದಿರುವುದು ಪಿಯುಸಿಯಲ್ಲಿ ಕಲಿಯುವ ಮಾತೃಕೆಗಳ ಗುಣಾಕಾರ. ಪ್ರತಿಯೊಂದು ಕ್ರಿಯೆಯನ್ನೂ 4 ಸಾಲು, 4 ಕಂಬಗಳ ಮಾತೃಕೆಯಾಗಿ ಬರೆಯಲಾಗುತ್ತದೆ. ತಿರುಗಿಸಲು, ಹಿಗ್ಗಿಸಲು 3 ಸಾಲು ಸಾಕು. ಸರಿಸುವುದನ್ನೂ ಗುಣಾಕಾರವಾಗಿಯೇ ಬರೆಯಲು ನಾಲ್ಕನೆಯದು ಬೇಕಾಗುತ್ತದೆ. ಸಂಖ್ಯೆಗಳಲ್ಲಿ 2 × 3 ಮತ್ತು 3 × 2 ಒಂದೇ. ಮಾತೃಕೆಗಳಲ್ಲಿ ಸಾಮಾನ್ಯವಾಗಿ ಹಾಗಿಲ್ಲ.

ತರಗತಿಯಲ್ಲಿ ಇದನ್ನು ತೋರಿಸಲು ಕಂಪ್ಯೂಟರ್ ಬೇಕಿಲ್ಲ. ಒಂದೇ ಬಗೆಯ ಎರಡು ಪಠ್ಯಪುಸ್ತಕಗಳನ್ನು ಮೇಜಿನ ಮೇಲೆ ಒಂದೇ ರೀತಿ ಇಡಿ. ಒಂದನ್ನು ಮೊದಲು ನಿಮ್ಮೆಡೆಗೆ 90 ಡಿಗ್ರಿ ಎತ್ತಿ ನಿಲ್ಲಿಸಿ, ಆಮೇಲೆ ಮೇಜಿಗೆ ಲಂಬವಾದ ಅಕ್ಷದ ಸುತ್ತ ಬಲಕ್ಕೆ 90 ಡಿಗ್ರಿ ತಿರುಗಿಸಿ. ಇನ್ನೊಂದಕ್ಕೆ ಇವೇ ಕ್ರಿಯೆಗಳನ್ನು ಹಿಂದುಮುಂದಾಗಿ ಮಾಡಿ. ಎರಡು ಪುಸ್ತಕಗಳೂ ಒಂದೇ ರೀತಿ ನಿಂತಿವೆಯೇ ಎಂದು ವಿದ್ಯಾರ್ಥಿಗಳನ್ನೇ ಕೇಳಿ.