ಕಮರಿಯೊಳಗಿನ ಓಟ

ಬೆಟ್ಟವೇರುವವನು ದಣಿದರೆ ಹಿಂದಿರುಗುವ ಹಾದಿ ಇಳಿಜಾರಿನದು. ಕಮರಿಯಲ್ಲಿ ಓಡುವವನಿಗೆ ಆ ಅನುಕೂಲವಿಲ್ಲ. ಅಲ್ಲಿ ಇಳಿತ ಮೊದಲು, ಏರು ಆಮೇಲೆ.

ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿರುವ ಅರಾಡೆನಾ ಕಮರಿಯನ್ನೇ ನೋಡಿ. ಮಳೆಯ ನೀರು ಸುಣ್ಣಕಲ್ಲಿನ ಪರ್ವತವನ್ನು ಸೀಳಿ ಲಿಬಿಯಾ ಸಮುದ್ರದವರೆಗೆ ಕೊರೆದ ದಾರಿಯಿದು. ಸುಮಾರು 600 ಮೀಟರು ಎತ್ತರದ ಅನೋಪೊಲಿ ಗ್ರಾಮದಿಂದ ಹೊರಟ ಓಟಗಾರನು, ಜನರು ತೊರೆದುಹೋದ ಅರಾಡೆನಾ ಹಳ್ಳಿಯ ಬಳಿ ಹಳೆಯ ಕಲ್ಲುಹಾದಿಯನ್ನು ಹಿಡಿದು ತಳಕ್ಕಿಳಿಯುತ್ತಾನೆ. ತಲೆಯ ಮೇಲೆ 1986ರಲ್ಲಿ ಕಟ್ಟಿದ ಉಕ್ಕಿನ ಸೇತುವೆ; ವಾಹನ ಹಾದರೆ ಅದರ ಮರದ ಹಲಗೆಗಳ ಸದ್ದು ಗುಡುಗಿನಂತೆ ಮೊಳಗಿ, ಹೊಸಬರ ಎದೆ ನಡುಗಿಸುತ್ತದೆ.

ತಳದಲ್ಲಿ ಹಾದಿಯೆಂಬುದು ಹೆಸರಿಗೆ ಮಾತ್ರ. ಎಲ್ಲೆಲ್ಲೂ ಬಂಡೆ, ಉರುಳುಗಲ್ಲು. ದಾಪುಗಾಲು ಇಲ್ಲಿ ಸಲ್ಲದು. ಹೆಜ್ಜೆ ಗಿಡ್ಡದಾಗಿರಬೇಕು, ಮೊಣಕಾಲು ತುಸು ಬಾಗಿರಬೇಕು, ಕಣ್ಣು ಕೆಲವು ಮಾರು ಮುಂದಿರಬೇಕು. ಇಳಿಯುವಾಗ ಏದುಸಿರು ಬಾರದಿರುವುದರಿಂದ ಆಯಾಸವೇ ಆಗಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ವಾಸ್ತವವಾಗಿ, ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆಹಿಡಿಯುವ ತೊಡೆಯ ಸ್ನಾಯುಗಳು ಎಳೆತಕ್ಕೊಳಗಾಗಿ, ಅವುಗಳ ಎಳೆಗಳು ಸೂಕ್ಷ್ಮವಾಗಿ ಘಾಸಿಗೊಂಡಿರುತ್ತವೆ.

ಮಾರ್ಮಾರಾ ಕಡಲತೀರವನ್ನು ತಲಪಿದಾಗ ಮುಗಿಯುವುದು ಸುಲಭದ ಭಾಗ ಮಾತ್ರ. ಲಿವಾನಿಯಾನಾ ಮಾರ್ಗವಾಗಿ ಅನೋಪೊಲಿಗೆ ಮರಳಲು, ಇಳಿದಷ್ಟನ್ನೂ ನೆರಳು ವಿರಳವಾದ ಬೆಟ್ಟದ ಮೈಮೇಲೆ ಏರಬೇಕು. ಆದುದರಿಂದ ಅನುಭವಿಗಳು ಮುಂಜಾನೆಯೇ ಹೊರಡುತ್ತಾರೆ. ನೀರಿನ ಹೆಚ್ಚಿನ ಪಾಲನ್ನು ಏರಿಗೆಂದು ಉಳಿಸಿಕೊಳ್ಳುತ್ತಾರೆ. ಕಡಿದಾದ ಕಡೆ ತೊಡೆಗೆ ಕೈಯೂರಿ ನಡೆಯಲು ನಾಚುವುದಿಲ್ಲ. ಮಳೆಯ ಲಕ್ಷಣ ಕಂಡರಂತೂ ಅವರು ಕೆಳಗಿಳಿಯುವುದೇ ಇಲ್ಲ. ಒಣಗಿ ಬಿದ್ದಿರುವ ಆ ಕಲ್ಲುಹಾಸು ಹೊಳೆಯ ಪಾತ್ರವೇ ಅಲ್ಲವೇ?